ಕಂಪ್ಯೂಟರ್ ಬಿಚ್ಚುವ ಮುನ್ನ: ಕಾರವಾರ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಂಪ್ಯೂಟರ್ ರಿಪೇರಿಯ ಸುರಕ್ಷತೆ ಎಂದೊಡನೆ ಪಠ್ಯಪುಸ್ತಕಗಳು ಸ್ಥಿರವಿದ್ಯುತ್ತಿನಿಂದ ಶುರು ಮಾಡುತ್ತವೆ. ಒಣಹವೆಯ ಊರುಗಳಿಗೆ ಅದು ಸರಿ. ಕಾರವಾರದಿಂದ ಭಟ್ಕಳದವರೆಗಿನ ಉಪ್ಪುಗಾಳಿಯಲ್ಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಗೋಡೆಯ ಸಾಕೆಟ್ಟಿನ ಮೂರನೆಯ ತೂತನ್ನು, ಅಂದರೆ ಅರ್ಥ್‌ನದನ್ನು. ಇಲ್ಲಿನ ಪ್ರಶ್ನೆಗಳ ಸರದಿಯೂ ಅಲ್ಲಿಂದಲೇ ಆರಂಭವಾಗುತ್ತದೆ. ಮನೆಯಲ್ಲೇ ಕ್ಯಾಬಿನೆಟ್ ಬಿಚ್ಚಿ ನೋಡುವವರು, ಹೊಸದಾಗಿ ಸರ್ವಿಸ್ ಕೆಲಸ ಕಲಿಯುವವರು, ಶಾಲೆ ಅಥವಾ ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಕೇಳಿದವು ಇವು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ. ಕಂಪ್ಯೂಟರ್ ಹಾಳಾಗಿದೆಯೇ?

ಹೆಚ್ಚಿನ ಸಲ ಕಂಪ್ಯೂಟರ್ ಸರಿಯಾಗಿಯೇ ಇರುತ್ತದೆ. ಮನೆಗೆ ಅರ್ಥಿಂಗ್ ಇರುವುದಿಲ್ಲ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಇಳಿಸಿಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಒಳಗೆ ಕರೆಂಟಿನ ಜೊತೆ ಬರುವ ಗದ್ದಲವನ್ನು ಸೋಸಲು ಎರಡು ಪುಟ್ಟ ಕೆಪಾಸಿಟರ್‌ಗಳಿರುತ್ತವೆ. ಒಂದು ಫೇಸ್‌ನಿಂದ ಕ್ಯಾಬಿನೆಟ್ಟಿನ ಲೋಹಕ್ಕೆ, ಇನ್ನೊಂದು ನ್ಯೂಟ್ರಲ್‌ನಿಂದ ಅದೇ ಲೋಹಕ್ಕೆ ಸೇರಿರುತ್ತವೆ. ಅರ್ಥ್ ತಂತಿ ಇದ್ದರೆ ಅಲ್ಲಿ ಸೋರುವ ಅಲ್ಪ ವಿದ್ಯುತ್ತು ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ 230 ವೋಲ್ಟ್‌ನ ಸರಿಮಧ್ಯಕ್ಕೆ, ಅಂದರೆ ಸುಮಾರು 115 ವೋಲ್ಟ್‌ಗೆ, ಕ್ಯಾಬಿನೆಟ್ ಏರಿ ನಿಲ್ಲುತ್ತದೆ. ಟೆಸ್ಟರ್ ಇಟ್ಟರೆ ಮಂಕಾಗಿ ಹೊತ್ತಿಕೊಳ್ಳುವುದು ಇದರಿಂದಲೇ.

ಒಂದೇ ಕಂಪ್ಯೂಟರಿನಿಂದ ಹೀಗೆ ಸೋರುವುದು ಸಾಮಾನ್ಯವಾಗಿ ಒಂದು ಮಿಲಿಆಂಪಿಯರ್‌ಗಿಂತ ಕಡಿಮೆ. ಅಷ್ಟರಿಂದ ಜೀವ ಹೋಗುವುದಿಲ್ಲ. ‘ಮೊದಲಿನಿಂದಲೂ ಹೀಗೇ ಇದೆ, ಏನೂ ಆಗಿಲ್ಲ’ ಎಂದು ಹಲವರು ಸುಮ್ಮನಿರುವುದೂ ಅದಕ್ಕೇ. ಆದರೆ ಆ ಜುಮ್ ಒಂದು ಸುದ್ದಿಯನ್ನು ಹೇಳುತ್ತಿದೆ: ನಾಳೆ ಎಸ್‌ಎಂಪಿಎಸ್ ಒಳಗೆ ಫೇಸ್ ತಂತಿಯೇ ಲೋಹಕ್ಕೆ ತಾಗಿದರೆ ಅದನ್ನು ನೆಲಕ್ಕೆ ಒಯ್ಯುವ ದಾರಿ ಈ ಮನೆಯಲ್ಲಿಲ್ಲ. ಆಗ ದಾರಿಯಾಗುವುದು ಮುಟ್ಟಿದವರ ಮೈ. ಇನ್ನೂ ಒಂದು ನಷ್ಟವಿದೆ. ಹೀಗೆ ವೋಲ್ಟೇಜ್ ಏರಿದ ಕ್ಯಾಬಿನೆಟ್ಟಿಗೆ ಟಿವಿಯ ಅಥವಾ ಪ್ರಿಂಟರಿನ ಕೇಬಲ್ ಸಿಕ್ಕಿಸುವಾಗ ಪೋರ್ಟುಗಳು ಸುಟ್ಟುಹೋಗುವುದುಂಟು.

ಅರ್ಥಿಂಗ್ ಸರಿಯಿದೆಯೇ ಎಂದು ನಾನೇ ನೋಡಬಹುದೇ?

ಅರ್ಧ ಮಟ್ಟಿಗೆ ನೋಡಬಹುದು. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಉದ್ದವಾಗಿ, ದಪ್ಪವಾಗಿ ಇರುವುದು ಅರ್ಥ್ ಕಡ್ಡಿ. ಅದನ್ನು ಮುರಿದೋ, ಎರಡು ಕಡ್ಡಿಯ ಅಡಾಪ್ಟರ್ ಹಾಕಿಯೋ ಬಳಸುತ್ತಿದ್ದರೆ ಮುಂದಿನ ಪರೀಕ್ಷೆಯೇ ಬೇಡ. ಮಲ್ಟಿಮೀಟರ್ ಬಳಸಲು ಬರುವವರು ಫೇಸ್–ನ್ಯೂಟ್ರಲ್ ಮತ್ತು ಫೇಸ್–ಅರ್ಥ್ ಎರಡನ್ನೂ ಅಳೆಯಬಹುದು. ಎರಡೂ ಹತ್ತಿರ ಹತ್ತಿರ ಇರಬೇಕು. ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟ್ ಮೀರಿದರೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಮೀಟರ್ ಸರಿಯಾದ ಅಂಕಿ ತೋರಿಸಿದ ಮಾತ್ರಕ್ಕೆ ಅರ್ಥಿಂಗ್ ಗಟ್ಟಿ ಎಂದಲ್ಲ. ತುಕ್ಕು ಹಿಡಿದ ಒಂದೆಳೆ ತಂತಿ ಇದ್ದರೂ ಮೀಟರ್ ತೃಪ್ತಿಪಡುತ್ತದೆ. ನಿಜವಾದ ದೋಷದ ಹೊತ್ತಿನಲ್ಲಿ ಆ ಎಳೆ ನಿಲ್ಲುವುದಿಲ್ಲ. ಅದನ್ನು ಅಳೆಯಲು ಅರ್ಥ್ ಟೆಸ್ಟರ್ ಎಂಬ ಬೇರೆ ಉಪಕರಣವಿದೆ.

ನಮ್ಮ ಕಡೆಯ ಎರಡು ತೊಂದರೆಗಳನ್ನು ಎಲೆಕ್ಟ್ರಿಷಿಯನ್‌ಗೆ ನೀವೇ ನೆನಪಿಸಿ. ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ಒದ್ದೆ ಇರುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಒಣಗಿ ಗಟ್ಟಿಯಾಗಿ ವಿದ್ಯುತ್ತನ್ನು ಸರಿಯಾಗಿ ಎಳೆಯುವುದಿಲ್ಲ. ಗುಡುಗು ಶುರುವಾಗುವುದೂ ಆಗಲೇ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕುವುದು ಶಾಸ್ತ್ರವಲ್ಲ, ಕೆಲಸ. ಎರಡನೆಯದು ಹಳೆಯ ಮನೆಗಳದ್ದು. ಒಂದು ಕಾಲದಲ್ಲಿ ಅರ್ಥ್ ತಂತಿಯನ್ನು ಕಬ್ಬಿಣದ ನೀರಿನ ಪೈಪಿಗೆ ಸುತ್ತಿಬಿಡುತ್ತಿದ್ದರು. ಆಮೇಲೆ ಆ ಪೈಪಿನ ನಡುವೆಲ್ಲೋ ಪ್ಲಾಸ್ಟಿಕ್ ಪೈಪು ಬಂದಿರುತ್ತದೆ. ತಂತಿ ಇದೆ, ನೆಲ ಇಲ್ಲ. ಈಗ ಆ ತಂತಿ ಬಚ್ಚಲಿನ ನಲ್ಲಿಗೆ ವಿದ್ಯುತ್ತು ಹರಿಸಲು ಮಾತ್ರ ಉಪಯೋಗಕ್ಕೆ ಬರುತ್ತದೆ.

ಅರ್ಥ್ ಇಲ್ಲದ ಕಡೆ ಸಾಕೆಟ್ಟಿನಲ್ಲೇ ನ್ಯೂಟ್ರಲ್ ಮತ್ತು ಅರ್ಥ್ ಸೇರಿಸಿದರೆ ಜುಮ್ ನಿಲ್ಲುತ್ತದೆ ಎನ್ನುತ್ತಾರಲ್ಲ?

ನಿಲ್ಲುತ್ತದೆ. ಆದರೆ ಎಲ್ಲೋ ತೆಂಗಿನ ಹೆಡೆ ಬಿದ್ದು ನ್ಯೂಟ್ರಲ್ ತುಂಡಾದ ದಿನ ಕ್ಯಾಬಿನೆಟ್ಟಿಗೆ ಪೂರ್ತಿ 230 ವೋಲ್ಟ್ ಬರುತ್ತದೆ. ಹೀಗೆ ಮಾಡಿಕೊಡುತ್ತೇನೆ ಎನ್ನುವವರನ್ನು ಚಹಾ ಕೊಟ್ಟು ಕಳುಹಿಸಿ.

ಎಂಸಿಬಿ ಹಾಕಿಸಿದ್ದೇವೆ. ಅಷ್ಟು ಸಾಲದೇ?

ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಆರೋ ಹದಿನಾರೋ ಆಂಪಿಯರ್ ಮೀರಿದ ಮೇಲೆ ಅದು ತಾನೇ ಬಿದ್ದು ಕರೆಂಟ್ ಕಡಿಯುತ್ತದೆ. ಅದರ ನೂರರಲ್ಲೊಂದು ಪಾಲು ಎದೆಯ ಮೂಲಕ ಹಾದರೂ ಪ್ರಾಣಕ್ಕೆ ಅಪಾಯ. ಮನುಷ್ಯರಿಗಾಗಿ ಇರುವುದು ಆರ್‌ಸಿಸಿಬಿ. ಮನೆಗೆ ಹಾಕುವುದು 30 ಮಿಲಿಆಂಪಿಯರಿನದು. ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ ಅಷ್ಟು ವ್ಯತ್ಯಾಸ ಕಂಡರೆ ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಅದರ ಮೇಲಿರುವ ಪರೀಕ್ಷಾ ಗುಂಡಿಯನ್ನು ಕೆಲವು ತಿಂಗಳಿಗೊಮ್ಮೆ ಒತ್ತಿ ನೋಡಬೇಕು. ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆ ಎಂದು ಅದನ್ನು ತಪ್ಪಿಸಿ ನೇರ ತಂತಿ ಎಳೆಸಿಕೊಂಡ ಮನೆಗಳಿವೆ. ಬೀಳುತ್ತಿದ್ದರೆ ಎಲ್ಲೋ ಗೋಡೆಯೊಳಗೆ ತೇವ ಹೊಕ್ಕಿದೆ ಎಂದರ್ಥ; ಹುಡುಕಬೇಕಾದದ್ದು ಅದನ್ನು.

ಕ್ಯಾಬಿನೆಟ್ ಬಿಚ್ಚುವಾಗ ಪ್ಲಗ್ ಇರಲಿ, ಸ್ವಿಚ್ ಮಾತ್ರ ಆರಿಸಿ ಎಂದು ಕೆಲವು ವಿಡಿಯೊಗಳಲ್ಲಿ ಹೇಳುತ್ತಾರೆ. ಯಾವುದು ಸರಿ?

ಪ್ಲಗ್ ಕೀಳಿ. ಅರ್ಥ್ ಸಂಪರ್ಕ ಉಳಿದಿರಲಿ ಎಂಬುದು ಆ ಸಲಹೆಯ ಹಿಂದಿನ ಲೆಕ್ಕಾಚಾರ. ಅದು ವೈರಿಂಗ್ ಸರಿಯಿದ್ದ ಕಡೆಯ ಮಾತು. ನಮ್ಮ ಗೋಡೆಯ ಸ್ವಿಚ್ ಒಂದೇ ತಂತಿಯನ್ನು ಕಡಿಯುತ್ತದೆ. ಅದು ಫೇಸ್ ಆಗಿರಬೇಕು. ಯಾರೋ ಅದಲುಬದಲು ಮಾಡಿ ನ್ಯೂಟ್ರಲ್‌ಗೆ ಸ್ವಿಚ್ ಕೊಟ್ಟಿದ್ದರೆ, ಆರಿಸಿದ ಮೇಲೂ ಫೇಸ್ ಎಸ್‌ಎಂಪಿಎಸ್‌ವರೆಗೆ ಬಂದು ನಿಂತಿರುತ್ತದೆ.

ಕ್ರಮ ಹೀಗಿರಲಿ: ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಮಾನಿಟರ್, ಪ್ರಿಂಟರ್, ಇಂಟರ್‌ನೆಟ್ ಕೇಬಲ್‌ಗಳನ್ನೂ ಬಿಡಿಸಿ, ಆಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಮದರ್‌ಬೋರ್ಡಿನ ಮೇಲೆ ಉಳಿದಿದ್ದ ವಿದ್ಯುತ್ತು ಆಗ ಖಾಲಿಯಾಗುತ್ತದೆ. ಬೋರ್ಡಿನ ಪುಟ್ಟ ದೀಪ ಇನ್ನೂ ಉರಿಯುತ್ತಿದ್ದರೆ ರ‍್ಯಾಮ್ ಕೀಳಬೇಡಿ. ಯುಪಿಎಸ್ ಇದ್ದರೆ ಅದನ್ನು ಗೋಡೆಯಿಂದ ಕಿತ್ತ ಮಾತ್ರಕ್ಕೆ ಏನೂ ಆಗಲಿಲ್ಲ; ಹಿಂಬದಿಯಲ್ಲಿ ಅದೇ 230 ವೋಲ್ಟ್ ಬರುತ್ತಲೇ ಇರುತ್ತದೆ. ಲ್ಯಾಪ್‌ಟಾಪ್ ಆದರೆ ಅಡಾಪ್ಟರ್ ತೆಗೆದು, ಹಿಂಬದಿಯ ಮುಚ್ಚಳ ಬಿಚ್ಚಿದೊಡನೆ ಮೊದಲ ಕೆಲಸವಾಗಿ ಬ್ಯಾಟರಿಯ ಕನೆಕ್ಟರ್ ಬಿಡಿಸಿ.

ಕರಾವಳಿಯಲ್ಲಿ ಇಷ್ಟು ತೇವ ಇರುವಾಗ ಮೈಮೇಲಿನ ಸ್ಥಿರವಿದ್ಯುತ್ತನ್ನು ಇಳಿಸುವ ಮಣಿಕಟ್ಟಿನ ಪಟ್ಟಿ ಬೇಕೇ?

ಮಳೆಗಾಲದ ಕಾರವಾರದಲ್ಲಿ, ಕಿಟಕಿ ತೆರೆದ ಕೋಣೆಯಲ್ಲಿ ಕುಳಿತರೆ ಅಪಾಯ ಬಹಳ ಕಡಿಮೆ. ಆದರೆ ಏಸಿ ಹಾಕಿದ ಸರ್ವರ್ ಕೋಣೆ ಕಾರವಾರದಲ್ಲಿದ್ದರೂ ಒಳಗಿನ ಗಾಳಿ ಒಣಗಿರುತ್ತದೆ. ಶಿರಸಿಯ ಜನವರಿ ಮಧ್ಯಾಹ್ನವೂ ಅಷ್ಟೆ, ಮೈಮೇಲೆ ಉಣ್ಣೆಯ ಸ್ವೆಟರ್ ಬೇರೆ. ಕಿಡಿ ಚುರ್ರೆಂದು ನಮಗೆ ಗೊತ್ತಾಗಬೇಕಾದರೆ ಸುಮಾರು 3,000 ವೋಲ್ಟ್ ಬೇಕು; ಕೆಲವು ಚಿಪ್‌ಗಳು ನೂರು ವೋಲ್ಟ್‌ಗೂ ಸಾಯುತ್ತವೆ. ನಮಗೆ ಗೊತ್ತಾಗಲಿಲ್ಲ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ.

ಪಟ್ಟಿ ದುಬಾರಿಯಲ್ಲ, ಕಟ್ಟಿಕೊಳ್ಳಿ. ಕ್ಲಿಪ್ಪನ್ನು ಬಣ್ಣ ಬಳಿಯದ ಲೋಹಕ್ಕೆ ಸಿಕ್ಕಿಸಬೇಕು. ಪಟ್ಟಿ ಇಲ್ಲದಿದ್ದರೆ ಆಗಾಗ ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟುತ್ತಿರಿ, ಬಿಡಿಭಾಗಗಳನ್ನು ಅವು ಬಂದ ಬೂದು ಬಣ್ಣದ ಚೀಲದಲ್ಲೇ ಇಡಿ. ಒಳ್ಳೆಯ ಪಟ್ಟಿಯ ತಂತಿಯಲ್ಲಿ ಹತ್ತು ಲಕ್ಷ ಓಮ್‌ನ ರೆಸಿಸ್ಟರ್ ಇರುತ್ತದೆ. ಅಕಸ್ಮಾತ್ ಫೇಸ್ ಮುಟ್ಟಿದರೂ ಪಟ್ಟಿಯ ಮೂಲಕ ಕಾಲು ಮಿಲಿಆಂಪಿಯರಿಗಿಂತ ಹೆಚ್ಚು ಹರಿಯದಂತೆ ಅದು ತಡೆಯುತ್ತದೆ. ಪಟ್ಟಿ ಸಿಗಲಿಲ್ಲವೆಂದು ಬರಿ ತಾಮ್ರದ ತಂತಿಯನ್ನು ಕೈಗೆ ಸುತ್ತಿಕೊಂಡು ಅರ್ಥ್‌ಗೆ ಕಟ್ಟುವುದು ಶುದ್ಧ ಹುಚ್ಚು. ಚಾಲೂ ಇರುವ ಯಂತ್ರ, ಎಸ್‌ಎಂಪಿಎಸ್, ಹಳೆಯ ಗಾಜಿನ ಮಾನಿಟರ್ (ಸಿಆರ್‌ಟಿ) ಇವುಗಳ ಹತ್ತಿರ ಹೋಗುವಾಗ ಪಟ್ಟಿಯನ್ನು ಬಿಚ್ಚಿಡಿ.

ಎಸ್‌ಎಂಪಿಎಸ್ ಬಿಚ್ಚಿ ಫ್ಯೂಸ್ ಬದಲಿಸಬಹುದೇ?

ಮನೆಯವರು ಮಾಡಬಾರದು. ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಡಿಸಿ ತುಂಬಿರುತ್ತದೆ; ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ 380ರಿಂದ 400. ಅದನ್ನು ಬಸಿದುಹಾಕುವ ರೆಸಿಸ್ಟರ್ ಇರುತ್ತದೆಯಾದರೂ ಅದೇ ಸುಟ್ಟಿದ್ದರೆ ಪ್ಲಗ್ ಕಿತ್ತು ಬಹಳ ಹೊತ್ತಾದರೂ ಚಾರ್ಜ್ ಉಳಿಯಬಹುದು. ಕಲಿಯುವವರು ಮೀಟರಿನಿಂದ ಅಳೆದು, ಸೂಕ್ತ ರೆಸಿಸ್ಟರ್ ಮೂಲಕ ಇಳಿಸಿ, ಮತ್ತೆ ಅಳೆದು ಮುಟ್ಟಬೇಕು, ಅದೂ ಬಲ್ಲವರು ಪಕ್ಕದಲ್ಲಿ ನಿಂತಿರುವಾಗ. ಸ್ಕ್ರೂ ಡ್ರೈವರ್ ಅಡ್ಡವಿಟ್ಟು ಟಪ್ ಎನಿಸುವ ಹಳೆಯ ಪದ್ಧತಿಯಲ್ಲಿ ಕಣ್ಣಿಗೆ ಲೋಹದ ಚೂರು ಸಿಡಿಯುತ್ತದೆ. ಫ್ಯೂಸ್ ಹೋಗಿದೆಯೆಂದರೆ ಅದನ್ನು ಸುಟ್ಟ ಕಾರಣ ಒಳಗೇ ಇದೆ. ಹೊಸ ಎಸ್‌ಎಂಪಿಎಸ್ ಹಾಕಿಸುವುದೇ ಲೇಸು.

ಮಳೆಗಾಲದಲ್ಲಿ ಕೆಲಸ ಮಾಡುವಾಗ ಬೇರೇನಾದರೂ ಎಚ್ಚರ ಬೇಕೇ?

ಕಾಲಿಗೆ ಒಣ ರಬ್ಬರ್ ಚಪ್ಪಲಿ, ಕೈ ಒರೆಸಿಕೊಳ್ಳಲು ಒಣ ಪಂಚೆ. ಒರತೆ ಬರುವ ನೆಲದ ಮೇಲೆ ಕುಳಿತು ಬಿಚ್ಚಬೇಡಿ, ಮೇಜಿನ ಮೇಲಿಟ್ಟು ಬಿಚ್ಚಿ. ಏಸಿ ಕೋಣೆಯಿಂದಲೋ ಕಾರಿನಿಂದಲೋ ತಂದ ತಣ್ಣಗಿನ ಲ್ಯಾಪ್‌ಟಾಪಿನ ಮೇಲೆ ಹೊರಗಿನ ತೇವ ಮಂಜಾಗಿ ಕೂರುತ್ತದೆ, ಒಳಗೂ ಕೂರುತ್ತದೆ. ಕೋಣೆಯ ಬಿಸಿಗೆ ಹೊಂದಿಕೊಳ್ಳುವವರೆಗೆ ಚಾಲೂ ಮಾಡಬೇಡಿ.

ಬೋರ್ಡಿನ ಮೇಲೆ ಹಸಿರು ಪುಡಿ ಕಟ್ಟಿದೆ. ಪೆಟ್ರೋಲಿನಿಂದ ತೊಳೆಯಬಹುದೇ?

ಪೆಟ್ರೋಲ್, ಥಿನ್ನರ್, ಸೀಮೆಎಣ್ಣೆ ಯಾವುದೂ ಬೇಡ. ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯ ಭಯ ಬೇರೆ. ಕಾರವಾರದ ಬೈತಖೋಲ್ ಬಂದರಿನ ಹತ್ತಿರದ ಮನೆಗಳಲ್ಲಿ, ಹೊನ್ನಾವರದ ಕಡಲಂಚಿನಲ್ಲಿ ಇದು ಸಾಮಾನ್ಯ. ಗಾಳಿಯೊಡನೆ ಬಂದ ಉಪ್ಪು ತೇವ ಹೀರಿ ತಾಮ್ರವನ್ನು ತಿನ್ನುತ್ತದೆ. ಶೇಕಡ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೃದುವಾದ ಬ್ರಷ್ ಸಾಕು. ಔಷಧದ ಅಂಗಡಿಯ ಶೇಕಡ 70ರದ್ದರಲ್ಲಿ ನೀರಿನ ಪಾಲು ಹೆಚ್ಚು. ಈ ಆಲ್ಕೊಹಾಲಿನ ಆವಿ 12 ಡಿಗ್ರಿಯಲ್ಲೇ ಹೊತ್ತಿಕೊಳ್ಳುವಂಥದ್ದು. ನಮ್ಮ ಊರಿನಲ್ಲಿ ಅದಕ್ಕಿಂತ ತಂಪಾದ ಮಧ್ಯಾಹ್ನವೇ ಇಲ್ಲ. ಕಿಟಕಿ ತೆರೆದಿರಲಿ, ದೇವರ ದೀಪ, ಊದುಬತ್ತಿ, ಬೀಡಿ, ಸೋಲ್ಡರಿಂಗ್ ಕಡ್ಡಿ ಯಾವುದೂ ಆ ಕೋಣೆಯಲ್ಲಿರಬಾರದು. ಪೂರ್ತಿ ಆರುವವರೆಗೆ ಕರೆಂಟ್ ಕೊಡಬೇಡಿ.

ಧೂಳು, ಇರುವೆ, ಹಲ್ಲಿ, ಇಲಿ: ಒಳಗೆ ಏನೇನೋ ಇದೆ. ಹೇಗೆ ತೆಗೆಯುವುದು?

ಧೂಳಿಗೆ ಬ್ಲೋವರ್ ಒಳ್ಳೆಯದು. ಮನೆಯ ಹೊರಗೆ, ಜಗಲಿಯ ಅಂಚಿನಲ್ಲಿಟ್ಟು ಊದಿ, ಮೂಗಿಗೆ ಮಾಸ್ಕ್ ಇರಲಿ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಗಾಳಿಯ ರಭಸಕ್ಕೆ ಅತಿವೇಗವಾಗಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರಿನ ಪ್ಲಾಸ್ಟಿಕ್ ಕೊಳವೆ ಸ್ಥಿರವಿದ್ಯುತ್ತನ್ನು ಹುಟ್ಟಿಸುತ್ತದೆ, ಅದನ್ನು ಬೋರ್ಡಿಗೆ ತಾಗಿಸಬೇಡಿ. ಇರುವೆ ಬಂತೆಂದು ಒಳಗೆ ಕೀಟನಾಶಕ ಸಿಂಪಡಿಸುವವರಿದ್ದಾರೆ. ಆ ಸ್ಪ್ರೇ ಹೊತ್ತಿಕೊಳ್ಳುವ ಜಾತಿಯದು.

ಇಲಿಯ ವಿಷಯವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. ಅಡಿಕೆ, ಭತ್ತ ಇಟ್ಟ ಮನೆಯಲ್ಲಿ ಬೆಚ್ಚಗಿನ ಕ್ಯಾಬಿನೆಟ್ ಇಲಿಗೆ ಹೇಳಿ ಮಾಡಿಸಿದ ಜಾಗ. ಅದು ಕಡಿದ ತಂತಿಯಿಂದ ಶಾರ್ಟ್ ಆಗುವುದು ಒಂದು ಕಡೆ. ಅದರ ಮೂತ್ರದಿಂದ ಇಲಿಜ್ವರ ಬರುವುದು ಇನ್ನೊಂದು. ಕೈಯಲ್ಲಿ ಗಾಯವಿದ್ದರೆ ರೋಗಾಣು ಅಲ್ಲಿಂದಲೇ ಹೊಗುತ್ತದೆ. ರಬ್ಬರ್ ಕೈಗವಸು, ಮಾಸ್ಕ್ ಹಾಕಿ. ಒಣಗಿದ ಹಿಕ್ಕೆಯನ್ನು ಬ್ಲೋವರಿನಿಂದ ಊದಬೇಡಿ; ಹೊರಗಿನ ತಗಡನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆದ ಬಟ್ಟೆಯಿಂದ, ಬೋರ್ಡನ್ನು ಆಲ್ಕೊಹಾಲಿನಿಂದ ಒರೆಸಿ. ಮುಂದಿನ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಇಂಥ ಕೆಲಸ ಮಾಡಿದ್ದೆ ಎಂದು ವೈದ್ಯರಿಗೆ ತಪ್ಪದೆ ಹೇಳಿ.

ಸಿಡಿಲಿಗೆ ಸ್ಪೈಕ್ ಬೋರ್ಡ್ ಹಾಕಿದ್ದೇನೆ. ಆದರೂ ಮದರ್‌ಬೋರ್ಡ್ ಹೋಯಿತು, ಏಕೆ?

ಎರಡು ಕಾರಣಗಳಿರಬಹುದು. ಸ್ಪೈಕ್ ಬೋರ್ಡ್ ಹೆಚ್ಚಾದ ವಿದ್ಯುತ್ತನ್ನು ನುಂಗುವುದಕ್ಕಿಂತ ಬಹುಪಾಲು ಅರ್ಥ್ ತಂತಿಗೆ ತಳ್ಳುತ್ತದೆ. ಅರ್ಥ್ ಇಲ್ಲದ ಮನೆಯಲ್ಲಿ ಅದು ಹೆಚ್ಚುಕಡಿಮೆ ದೀಪ ಇರುವ ಸಾಮಾನ್ಯ ಬೋರ್ಡು ಅಷ್ಟೆ. ಇನ್ನೊಂದು, ಸಿಡಿಲಿನ ಹೊಡೆತ ಕರೆಂಟಿನ ತಂತಿಯಲ್ಲೇ ಬರಬೇಕೆಂದಿಲ್ಲ. ಇಂಟರ್‌ನೆಟ್ ತಂತಿ, ಡಿಶ್‌ನ ಕೇಬಲ್, ತೋಟದ ಗೇಟಿನವರೆಗೆ ಎಳೆದ ಸಿಸಿಟಿವಿ ತಂತಿ, ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋದ ಲ್ಯಾನ್ ಕೇಬಲ್ ಎಲ್ಲವೂ ಅದಕ್ಕೆ ಹೆದ್ದಾರಿ. ಗಾಜಿನ ಫೈಬರ್ ವಿದ್ಯುತ್ತು ಒಯ್ಯುವುದಿಲ್ಲ ನಿಜ, ಆದರೆ ಕಂಬದಿಂದ ಬರುವ ಫೈಬರಿಗೆ ಆಧಾರವಾಗಿ ಉಕ್ಕಿನ ತಂತಿ ಇರುವುದುಂಟು, ಮನೆಯೊಳಗಿನ ಮೋಡೆಮಿಗೆ ಅಡಾಪ್ಟರಂತೂ ಇದ್ದೇ ಇದೆ.

ಕೃತ್ತಿಕೆ, ರೋಹಿಣಿಯ ಗುಡುಗು, ಮುಂದೆ ಹಸ್ತ, ಚಿತ್ತೆಯ ಸಂಜೆ ಗುಡುಗು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಮೋಡ ಕಪ್ಪಾಗಿ ದೂರದಲ್ಲಿ ಗುಡುಗಿದಾಗಲೇ ಎಲ್ಲ ಪ್ಲಗ್‌ಗಳನ್ನೂ, ಎಲ್ಲ ಕೇಬಲ್‌ಗಳನ್ನೂ ಕಿತ್ತಿಡಿ. ಸ್ವಿಚ್ಚೋ ಎಂಸಿಬಿಯೋ ಆರಿಸಿದರೆ ಸಾಲದು. ಕಿಲೋಮೀಟರ್‌ಗಟ್ಟಲೆ ಗಾಳಿ ಸೀಳಿ ಬಂದದ್ದಕ್ಕೆ ಸ್ವಿಚ್ಚಿನೊಳಗಿನ ಕೆಲವು ಮಿಲಿಮೀಟರ್ ಲೆಕ್ಕಕ್ಕಿಲ್ಲ. ಸಿಡಿಲು ತಲೆಯ ಮೇಲೇ ಹೊಡೆಯುತ್ತಿರುವಾಗ ಮಾತ್ರ ಕೀಳಲು ಓಡಬೇಡಿ. ಆಗ ತಂತಿ ಮುಟ್ಟುವುದು ಕಂಪ್ಯೂಟರಿಗಲ್ಲ, ನಿಮಗೆ ಅಪಾಯ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಾದು ಜೋಡಿಸಿ. ಗುಡುಗಿನ ಹೊತ್ತಿನಲ್ಲಿ ರಿಪೇರಿ ಕೆಲಸವನ್ನೂ ನಿಲ್ಲಿಸಿ.

ಗುಡುಗಿಲ್ಲದೆಯೂ ಹೊಡೆತ ಬೀಳಬಹುದು. ಗಾಳಿಗೆ ನ್ಯೂಟ್ರಲ್ ತುಂಡಾದರೆ ಕೆಲವು ಮನೆಗಳಿಗೆ 230ರ ಬದಲು 400ರ ಹತ್ತಿರ ವೋಲ್ಟೇಜ್ ಬರುತ್ತದೆ. ಬಲ್ಬು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಂತೆ ಉರಿದು ಫ್ಯಾನ್ ಅಬ್ಬರಿಸಿದರೆ ಮೊದಲು ಮೇನ್ ಸ್ವಿಚ್ ಆರಿಸಿ, ಕಾರಣ ಆಮೇಲೆ ಕೇಳಿ.

ಯುಪಿಎಸ್, ಇನ್ವರ್ಟರ್ ಬ್ಯಾಟರಿ ಬದಲಿಸುವಾಗ? ಬರಿ 12 ವೋಲ್ಟ್ ಅಲ್ಲವೇ?

ಶಾಕ್ ಹೊಡೆಯುವುದಿಲ್ಲ, ಸುಡುತ್ತದೆ. ಎರಡು ಟರ್ಮಿನಲ್‌ಗಳ ನಡುವೆ ಉಂಗುರವೋ ಬಳೆಯೋ ಸ್ಪ್ಯಾನರೋ ಅಡ್ಡ ಬಂದರೆ ನೂರಾರು ಆಂಪಿಯರ್ ಹರಿದು ಲೋಹ ಕೆಂಪಾಗುತ್ತದೆ. ಉಂಗುರ, ಬಳೆ, ಕೈಗಡಿಯಾರ, ಉದ್ದ ಸರ ತೆಗೆದಿಟ್ಟು, ಸ್ಪ್ಯಾನರಿನ ಹಿಡಿಗೆ ಟೇಪ್ ಸುತ್ತಿಕೊಳ್ಳಿ. ಯುಪಿಎಸ್ ಆರಿಸಿ, ಗೋಡೆಯಿಂದ ಕಿತ್ತ ಮೇಲೆಯೇ ಮುಚ್ಚಳ ಬಿಚ್ಚಬೇಕು.

ನೀರು ಹಾಕುವ ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದರ ಪಾಲು ಶೇಕಡ 4 ಮುಟ್ಟಿದರೆ ಒಂದು ಕಿಡಿ ಸಾಕು. ಮೆಟ್ಟಿಲ ಕೆಳಗಿನ ಬಾಗಿಲು ಹಾಕಿದ ಗೂಡಿನಲ್ಲಿ ಇಡಬೇಡಿ. ನೀರಿನ ಮಟ್ಟ ನೋಡಲು ಬೆಂಕಿಕಡ್ಡಿ ಗೀರಬೇಡಿ, ಟಾರ್ಚ್ ಹಾಕಿ. ಬಾವಿಯ ನೀರು ಎಷ್ಟೇ ಸಿಹಿಯಿದ್ದರೂ ಅದಕ್ಕಲ್ಲ; ಡಿಸ್ಟಿಲ್ಡ್ ವಾಟರ್ ಮಾತ್ರ. ಆಸಿಡ್ ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಕನಿಷ್ಠ 15–20 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಸೊಂಟದ ಮಾತನ್ನೂ ಹೇಳಿಬಿಡುತ್ತೇನೆ: ದೊಡ್ಡ ಬ್ಯಾಟರಿಯನ್ನು ಒಬ್ಬರೇ ಎತ್ತುವುದು ಶೌರ್ಯವಲ್ಲ.

ಲ್ಯಾಪ್‌ಟಾಪಿನ ಬ್ಯಾಟರಿ ಊದಿದೆ, ಟಚ್‌ಪ್ಯಾಡ್ ಮೇಲೆದ್ದಿದೆ. ಸೂಜಿಯಿಂದ ಚುಚ್ಚಿ ಗಾಳಿ ಬಿಡಬಹುದೇ?

ಬೇಡವೇ ಬೇಡ. ಒಳಗಿರುವುದು ಗಾಳಿಯಲ್ಲ, ಹೊತ್ತಿಕೊಳ್ಳುವ ಅನಿಲ. ಚುಚ್ಚಿದ ಸೂಜಿ ಒಳಗಿನ ತೆಳು ಪದರಗಳನ್ನು ಒಂದಕ್ಕೊಂದು ತಾಗಿಸುತ್ತದೆ. ಅಲ್ಲಿಂದ ಬಿಸಿ ತಾನಾಗಿ ಬೆಳೆಯುತ್ತಾ ಹೋಗಿ ಬೆಂಕಿಯಾಗುತ್ತದೆ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್‌ನಂಥ ವಿಷ ಇರುತ್ತದೆ.

ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ ಆರಿಸಿ. ಮತ್ತೆ ಚಾರ್ಜ್ ಮಾಡಬೇಡಿ. ಮೇಲೆದ್ದ ಭಾಗವನ್ನು ಒತ್ತಿ ಕೂರಿಸಲು ಹೋಗಬೇಡಿ. ಬಿಚ್ಚಲು ಬರುವವರು ಕನೆಕ್ಟರ್ ಬಿಡಿಸಿ, ಬ್ಯಾಟರಿ ಅಂಟಿಕೊಂಡಿದ್ದರೆ ಲೋಹದ ಚೂಪಿನ ಸಾಧನ ಹಾಕದೆ ಪ್ಲಾಸ್ಟಿಕ್ ಪಟ್ಟಿಯಿಂದ ನಿಧಾನವಾಗಿ ಎಬ್ಬಿಸಬೇಕು. ತೆಗೆದದ್ದನ್ನು ಒಣ ಮರಳು ಹಾಕಿದ ತಗಡಿನ ಡಬ್ಬಿಯಲ್ಲಿಟ್ಟು, ಬಿಗಿಯಾಗಿ ಮುಚ್ಚದೆ, ಮಳೆ ಬೀಳದ ಹೊರಜಾಗದಲ್ಲಿಡಿ. ಸೌದೆ, ಸೋಗೆ, ಅಡಿಕೆ ಸಿಪ್ಪೆಯ ರಾಶಿಯ ಹತ್ತಿರ ಬೇಡ. ಹುಬ್ಬಳ್ಳಿಯಲ್ಲಿ ಹೊಸದು ಸಿಗುತ್ತದೆ ಎಂದು ಮಾದರಿಗಾಗಿ ಊದಿದ ಬ್ಯಾಟರಿಯನ್ನು ಬಸ್ಸಿನ ಪಾರ್ಸೆಲ್‌ನಲ್ಲಿ ಕಳುಹಿಸುವುದು ಐವತ್ತು ಪ್ರಯಾಣಿಕರ ಮೇಲೆ ಜೂಜು. ಬ್ಯಾಟರಿಯ ಮೇಲಿನ ಚೀಟಿಯ ಫೋಟೊ ಕಳುಹಿಸಿದರೆ ಸಾಕು.

ನೆರೆ ನೀರಿನಲ್ಲಿ ಮುಳುಗಿದ ಕಂಪ್ಯೂಟರ್ ಉಳಿಯುತ್ತದೆಯೇ?

2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ಉಕ್ಕಿದ ಮೇಲೆ ಈ ಪ್ರಶ್ನೆ ಪ್ರತಿ ಮಳೆಗಾಲಕ್ಕೂ ಬರುತ್ತದೆ. ಕಂಪ್ಯೂಟರಿಗಿಂತ ಮೊದಲು ಕೋಣೆಯ ಮಾತು. ನೀರು ಸಾಕೆಟ್ ಮುಟ್ಟಿದ್ದರೆ ಮೇನ್ ಆರಿಸದೆ ಒಳಗೆ ಕಾಲಿಡಬಾರದು. ಮೇನ್ ಸ್ವಿಚ್ ಮುಟ್ಟಲು ನೀರಿನಲ್ಲೇ ನಿಲ್ಲಬೇಕಾದರೆ ನೀವು ಮುಟ್ಟಬೇಡಿ. ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಿ ಲೈನ್‌ಮನ್ ಕಂಬದಲ್ಲಿ ಕಡಿಯುವವರೆಗೆ ಕಾಯಿರಿ. ಯುಪಿಎಸ್ ನೀರಿನೊಳಗಿದ್ದರೆ ಮೇನ್ ಆರಿದ ಮೇಲೂ ಅದರಲ್ಲಿ ವಿದ್ಯುತ್ತು ಇರಬಹುದು ಎಂಬುದು ನೆನಪಿರಲಿ.

ಒಮ್ಮೆ ಚಾಲೂ ಮಾಡಿ ನೋಡೋಣ ಎಂಬ ಆಸೆಯಿಂದಲೇ ಹೆಚ್ಚಿನ ಬೋರ್ಡುಗಳು ಸುಡುತ್ತವೆ. ಬೋರ್ಡಿನ ಗುಂಡಿ ಬ್ಯಾಟರಿ ತೆಗೆದು, ಕೆಸರು ಗಟ್ಟಿಯಾಗುವ ಮೊದಲೇ ಸಿಹಿನೀರಿನಿಂದ, ಕೊನೆಗೆ ಡಿಸ್ಟಿಲ್ಡ್ ವಾಟರ್‌ನಿಂದ ತೊಳೆದು, ಆಲ್ಕೊಹಾಲ್ ಬಳಿದು, ಫ್ಯಾನಿನ ಕೆಳಗೆ ಹಲವು ದಿನ ಆರಿಸಿದರೆ ಮದರ್‌ಬೋರ್ಡ್ ಉಳಿಯಬಹುದು. ಎಸ್‌ಎಂಪಿಎಸ್ ಆಸೆ ಬಿಡಿ. ಹಾರ್ಡ್ ಡಿಸ್ಕಿನಲ್ಲಿ ಮುಖ್ಯ ಕಡತಗಳಿದ್ದರೆ ಒಣಗಿಸದೆ, ಕರೆಂಟ್ ಕೊಡದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಡೇಟಾ ತೆಗೆಯುವವರಿಗೆ ಒಪ್ಪಿಸಿ. ಮುಳುಗಿದ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಊದಿದ ಬ್ಯಾಟರಿಯಂತೆಯೇ ಕಾಣಬೇಕು. ಕೆಲವು ದಿನ ಬಿಟ್ಟು ಹೊತ್ತಿಕೊಂಡದ್ದುಂಟು. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಹಾಳಾಗುವುದು ಅಕ್ಕಿ. ಬಚ್ಚಲೊಲೆಯ ಮೇಲೆ, ಅಡಿಕೆ ಬೇಯಿಸುವ ಒಲೆಯ ಪಕ್ಕದಲ್ಲಿ ಒಣಗಿಸಿದರೆ ಪ್ಲಾಸ್ಟಿಕ್ ಸೊಟ್ಟಗಾಗಿ ಮಸಿ ಕೂರುತ್ತದೆ.

ಪ್ರಿಂಟರಿಗೂ ಇಷ್ಟೆಲ್ಲ ಇದೆಯೇ?

ಇಂಕ್‌ಜೆಟ್‌ಗೆ ಇಲ್ಲ. ಲೇಸರ್ ಪ್ರಿಂಟರಿನಲ್ಲಿ ಟೋನರ್ ಎಂಬ ಶಾಯಿಪುಡಿಯನ್ನು ಕಾಗದಕ್ಕೆ ಬಿಸಿಯಿಂದ ಅಂಟಿಸುವ ಫ್ಯೂಸರ್ ರೋಲರ್ 200 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕಾಗದ ಸಿಕ್ಕಿಕೊಂಡರೆ ಆರಿಸಿ, ತಣಿಯಲು ಬಿಟ್ಟು ಎಳೆಯಿರಿ. ಟೋನರ್ ಪುಡಿ ಚೆಲ್ಲಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಕೈಯನ್ನು ತಣ್ಣೀರಿನಲ್ಲಿ ತೊಳೆಯಿರಿ, ಬಿಸಿನೀರಿಗೆ ಅದು ಕರಗಿ ಅಂಟುತ್ತದೆ. ಲೇಸರ್ ಪ್ರಿಂಟರನ್ನು ಕಂಪ್ಯೂಟರಿನ ಪುಟ್ಟ ಯುಪಿಎಸ್‌ಗೆ ಜೋಡಿಸಬೇಡಿ. ಫ್ಯೂಸರ್ ಬಿಸಿಯಾಗುವಾಗ ಎಳೆಯುವ ಕರೆಂಟನ್ನು ಅದು ತಾಳುವುದಿಲ್ಲ.

ನಮ್ಮ ಶಾಲೆಯಲ್ಲಿ ಹತ್ತು ಕಂಪ್ಯೂಟರ್, ಎರಡು ಸಾಕೆಟ್. ಎಕ್ಸ್‌ಟೆನ್ಷನ್ ಬೋರ್ಡಿಗೆ ಎಕ್ಸ್‌ಟೆನ್ಷನ್ ಸಿಕ್ಕಿಸಿದ್ದೇವೆ.

ಬಿಚ್ಚಿಸಿ. 6 ಆಂಪಿಯರಿನ ಸಾಕೆಟ್ ಹೊರುವುದು ಹೆಚ್ಚೆಂದರೆ 1,380 ವಾಟ್, ಅದೂ ಬಿಗಿಯಾಗಿದ್ದಾಗ. ಸಡಿಲ ಜೋಡಣೆ ಬಿಸಿಯಾಗಿ ಕರಕಲಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಅರ್ಥ್‌ನ ಲೆಕ್ಕ: ಮೊದಲ ಬೋರ್ಡಿನಲ್ಲಿ ಅರ್ಥ್ ಕಡಿದಿದ್ದರೆ ಹತ್ತೂ ಕ್ಯಾಬಿನೆಟ್‌ಗಳ ಸೋರಿಕೆ ಒಟ್ಟುಗೂಡಿ, ಬರಿಗಾಲಿನಲ್ಲಿ ಬಂದ ಒಬ್ಬ ಮಗುವಿನ ಮೂಲಕ ಇಳಿಯುತ್ತದೆ. ಪ್ರಯೋಗಾಲಯಕ್ಕೆ ಪ್ರತ್ಯೇಕ ವೈರಿಂಗ್, ತನ್ನದೇ ಆರ್‌ಸಿಸಿಬಿ, ಗಟ್ಟಿ ಅರ್ಥ್ ಗುಂಡಿ ಬೇಕೆಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಬರೆಸಿ. ಹೊಸ ಕಂಪ್ಯೂಟರ್ ಒಂದು ಕಡಿಮೆಯಾದರೂ ಪರವಾಗಿಲ್ಲ.

ಮಕ್ಕಳಿರುವಲ್ಲಿ ಇನ್ನೊಂದು: ಮದರ್‌ಬೋರ್ಡಿನಿಂದ ತೆಗೆದ ಗುಂಡಿ ಬ್ಯಾಟರಿಯನ್ನು ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡಲು ಶುರುವಾಗುತ್ತದೆ. ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ.

ಸೋಲ್ಡರಿಂಗ್ ಹೊಗೆಯಿಂದ ಸೀಸ ಒಳಗೆ ಹೋಗುತ್ತದೆಯೇ?

ಹೊಗೆ ಬಹುತೇಕ ಬೆಸುಗೆಯ ಜೊತೆ ಕರಗುವ ರಾಳದಂಥ ಫ್ಲಕ್ಸಿನದು; ಅದು ಉಬ್ಬಸ ತರಿಸುತ್ತದೆ, ಆದ್ದರಿಂದ ಪುಟ್ಟ ಫ್ಯಾನಿಟ್ಟು ಮುಖದಿಂದ ಆಚೆ ಸೆಳೆಯಿರಿ. ಸೀಸ ಹೋಗುವುದು ಕೈಯಿಂದ ಬಾಯಿಗೆ. ಕೈ ತೊಳೆಯದೆ ಅವಲಕ್ಕಿ ತಟ್ಟೆಗೆ ಕೈ ಹಾಕಬೇಡಿ.

ಯಾರಿಗಾದರೂ ಶಾಕ್ ಹೊಡೆದರೆ ಏನು ಮಾಡಬೇಕು? ಬೆಂಕಿ ಹೊತ್ತಿಕೊಂಡರೆ?

ಹಿಡಿದು ಎಳೆಯಬೇಡಿ, ನೀವೂ ಅಂಟಿಕೊಳ್ಳುತ್ತೀರಿ. ಮೊದಲು ಮೇನ್ ಆರಿಸಿ ಅಥವಾ ಪ್ಲಗ್ ಕೀಳಿ. ಆಗದಿದ್ದರೆ ಒಣ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ತಂತಿಯನ್ನು ದೂಡಿ. ಮಾತಾಡಿಸಿದರೆ ಉತ್ತರವಿಲ್ಲ, ಉಸಿರಾಟವಿಲ್ಲ ಎಂದಾದರೆ 108 ಅಥವಾ 112ಕ್ಕೆ ಕರೆ ಮಾಡಿಸಿ, ಕಾಯದೆ ಎದೆ ಒತ್ತಲು ಶುರು ಮಾಡಿ: ಎದೆಯ ನಡುವೆ, 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ದೇವಿಮನೆ ಘಟ್ಟದ ತಿರುವುಗಳನ್ನು ದಾಟಿ ಆಂಬುಲೆನ್ಸ್ ಬರಬೇಕಾದ ಊರಿನಲ್ಲಿ ಆ ಮೊದಲ ನಿಮಿಷಗಳು ಪಕ್ಕದಲ್ಲಿದ್ದವರದ್ದೇ. ಎದ್ದು ಕುಳಿತು ‘ಏನೂ ಆಗಲಿಲ್ಲ’ ಎಂದರೂ, ಪ್ರಜ್ಞೆ ತಪ್ಪಿದ್ದರೆ, ಸುಟ್ಟಿದ್ದರೆ, ಎದೆ ಡವಗುಟ್ಟುತ್ತಿದ್ದರೆ ಇಸಿಜಿ ಮಾಡಿಸಲೇಬೇಕು.

ಬೆಂಕಿಗೂ ಮೊದಲು ಮೇನ್. ವಿದ್ಯುತ್ತು ಇರುವಾಗ ನೀರು ಹಾಕಬಾರದು. ಕಾರ್ಬನ್ ಡೈಆಕ್ಸೈಡ್ ಅಥವಾ ಒಣಪುಡಿಯ ನಂದಕ ಬಳಸಿ. ಲಿಥಿಯಂ ಬ್ಯಾಟರಿಯದು ಬೇರೆ ಜಾತಿ. ಪುಡಿ ಹಾಕಿದರೆ ಜ್ವಾಲೆ ಅಡಗಿದರೂ ಒಳಗಿನ ಬಿಸಿ ಹೋಗದೆ ಮತ್ತೆ ಹೊತ್ತಿಕೊಳ್ಳುತ್ತದೆ. ಚಾರ್ಜರಿನಿಂದ ಬಿಡಿಸಿದ್ದು ಖಚಿತವಿದ್ದರೆ ದೂರದಿಂದ ಧಾರಾಳವಾಗಿ ನೀರು ಹುಯ್ದು ತಣಿಸಿ. ಹೊಗೆ ತುಂಬಿದರೆ ಎಲ್ಲ ಬಿಟ್ಟು ಹೊರಗೆ ಬನ್ನಿ.

ಅಟ್ಟದ ಮೇಲೆ ಹಳೆಯ ಗಾಜಿನ ಮಾನಿಟರ್, ಸತ್ತ ಯುಪಿಎಸ್ ಇವೆ. ಗುಜರಿಗೆ ಹಾಕಬಹುದೇ?

ಗಾಜಿನ ಮಾನಿಟರನ್ನು ಬಿಚ್ಚಬೇಡಿ, ಎತ್ತಿ ಹಾಕಬೇಡಿ. ಕೆಲಸ ಮಾಡುವಾಗ ಅದರೊಳಗೆ 25,000 ವೋಲ್ಟ್‌ನ ಆಸುಪಾಸಿನಲ್ಲಿರುತ್ತದೆ, ಆರಿಸಿದ ಮೇಲೂ ಒಂದಿಷ್ಟು ಉಳಿದಿರಬಹುದು. ಕೊಳವೆ ನಿರ್ವಾತವಾದ್ದರಿಂದ ಒಡೆದರೆ ಗಾಜು ಸಿಡಿಯುತ್ತದೆ, ಗಾಜಿನಲ್ಲಿ ಸೀಸವಿದೆ. ತಾಮ್ರಕ್ಕಾಗಿ ತಂತಿ ಸುಡುವ ಗುಜರಿಯವರಿಗೆ ಕೊಟ್ಟರೆ ಆ ವಿಷದ ಹೊಗೆ ನಮ್ಮದೇ ಊರಿನ ಗಾಳಿಗೆ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ–ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಉಪಕರಣಗಳ ಮರುಬಳಕೆಯ ಹೊಣೆ ತಯಾರಕರದ್ದು. ಬ್ಯಾಟರಿಗಳಿಗೆ 2022ರ ಪ್ರತ್ಯೇಕ ನಿಯಮಗಳಿವೆ. ಯುಪಿಎಸ್ ಬ್ಯಾಟರಿಗೆ ಹೊಸದನ್ನು ಕೊಳ್ಳುವ ಅಂಗಡಿಯಲ್ಲೇ ವಿನಿಮಯದ ಬೆಲೆ ಸಿಗುತ್ತದೆ. ಮಾನಿಟರ್, ಬೋರ್ಡುಗಳನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ವ್ಯವಸ್ಥೆ ಇದೆಯೇ ಎಂದು ನಗರಸಭೆ ಅಥವಾ ಪಂಚಾಯಿತಿಯಲ್ಲಿ ಕೇಳಿ. ಕೊಡುವ ಮೊದಲು ಹಾರ್ಡ್ ಡಿಸ್ಕ್ ತೆಗೆದಿಟ್ಟುಕೊಳ್ಳಿ. ಅಟ್ಟದಿಂದ ಇಳಿಸುವಾಗ ಕೆಳಗೆ ಒಬ್ಬರು ಹಿಡಿಯಲು ಇರಲಿ. ಮಾನಿಟರಿನ ಭಾರವೆಲ್ಲ ಗಾಜಿನ ಕಡೆಗಿರುತ್ತದೆ, ಹಿಂಬದಿಯಿಂದ ಹಿಡಿದರೆ ಮಗುಚಿಕೊಳ್ಳುತ್ತದೆ.